ಬೆಂಕಿಯ ದಡದ ಬಿಡುವು

ಕಚೇರಿಯ ಗುಮಾಸ್ತರಿಂದ ಹಿಡಿದು ಶಾಲೆಯ ಹುಡುಗರವರೆಗೆ ಎಲ್ಲರೂ ಬಾಯಿ ತುಂಬ ಹೇಳುವ ‘ರಜ’ ಎಂಬ ಮಾತು ಮೂಲತಃ ಕನ್ನಡದ್ದಲ್ಲ. ಅರಬ್ಬಿಯಲ್ಲಿ ಹುಟ್ಟಿ, ಪಾರಸಿಯ ಮೂಲಕ ಹಿಂದೂಸ್ತಾನಿಗೂ ಮರಾಠಿಗೂ ಇಳಿದು, ದಫ್ತರಗಳ ದಾರಿ ಹಿಡಿದು ನಮ್ಮಲ್ಲಿಗೆ ಬಂದ ಆ ಶಬ್ದದ ಮೊದಲ ಅರ್ಥ ಒಪ್ಪಿಗೆ, ಅಪ್ಪಣೆ. ಬೇಡುವವನೊಬ್ಬ, ಕೊಡುವವನೊಬ್ಬ ಎಂಬ ಭಾವ ಅದರ ಬೆನ್ನಿಗೇ ಅಂಟಿಕೊಂಡಿದೆ. ಪ್ರಾಚೀನ ರೋಮನರ ಲ್ಯಾಟಿನ್ ಭಾಷೆಯಲ್ಲಿ ಇದಕ್ಕೆ ತಿರುಗುಮುರುಗಾದ ಒಂದು ಜೋಡಿ ಶಬ್ದವುಂಟು. ‘ಓಟಿಯಮ್’ ಎಂದರೆ ಬಿಡುವು. ಅದರ ಮುಂದೆ ಒಂದು ನಕಾರವನ್ನು ಸೇರಿಸಿದರೆ ‘ನೆಗೋಟಿಯಮ್’, ಅಂದರೆ ಕೆಲಸ, ವ್ಯವಹಾರ. ನಮ್ಮ ಮಾತಿನಲ್ಲಿ ಕೆಲಸವೇ ಮೂಲ, ಅದರ ನಡುನಡುವೆ ಅಪ್ಪಣೆ ಪಡೆದು ತೆಗೆದುಕೊಳ್ಳುವುದು ರಜ. ಅವರ ಮಾತಿನಲ್ಲಿ ಬಿಡುವೇ ಮೂಲ, ಬಿಡುವಿಲ್ಲದ ದುರವಸ್ಥೆಗೆ ಕೆಲಸವೆಂದು ಹೆಸರು.

ಇಷ್ಟು ಕೇಳಿದವರಿಗೆ ರೋಮನರಾಗಿ ಹುಟ್ಟಬಾರದಿತ್ತೇ ಎನಿಸೀತು. ಆದರೆ ಅವಸರ ಬೇಡ. ಆ ಬಿಡುವು ಯಾರ ಪಾಲಿಗೆ ಬಂದದ್ದು, ಯಾರ ಅಪ್ಪಣೆಯಿಂದ ದೊರೆತದ್ದು, ಯಾರ ದುಡಿಮೆಯ ಮೇಲೆ ನಿಂತದ್ದು ಎಂಬುದನ್ನು ವಿಚಾರಿಸಿಕೊಂಡು ಆಮೇಲೆ ಅಸೂಯೆಪಡುವುದು ಲೇಸು. ಹೀಗೆ ವಿಚಾರಿಸುವುದಕ್ಕೆ ಇಟಲಿಯ ನೇಪಲ್ಸ್ ಕೊಲ್ಲಿಯ ಕರಾವಳಿಗಿಂತ ತಕ್ಕ ಸ್ಥಳ ಬೇರೆ ದೊರೆಯುವುದು ಕಷ್ಟ. ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಜನ ಬಿಡುವನ್ನು ಅರಸಿಕೊಂಡು ಆ ದಡಕ್ಕೆ ಹೋಗುತ್ತಲೇ ಇದ್ದಾರೆ. ದಡವೂ ಆಗಾಗ ಅವರನ್ನು ಮೈಕೊಡವಿ ಓಡಿಸುತ್ತಲೇ ಇದೆ.

ರೋಮ್ ನಗರದಿಂದ ತೆಂಕಣಕ್ಕೆ ಸುಮಾರು 200 ಕಿಲೋಮೀಟರು ಹೋದರೆ ಸಮುದ್ರ ಭೂಮಿಯೊಳಕ್ಕೆ ಬಟ್ಟಲಿನಂತೆ ಬಾಗಿ ಬಂದಿದೆ. ಬಟ್ಟಲಿನ ಒಂದು ಅಂಚಿಗೆ ಮಿಸೇನಮ್ ಭೂಶಿರ, ಇನ್ನೊಂದು ಅಂಚಿಗೆ ಸೊರೆಂಟೊ ಪರ್ಯಾಯದ್ವೀಪ. ಬಾಯಲ್ಲಿ ಇಸ್ಕಿಯ, ಪ್ರೋಚಿದ, ಕಾಪ್ರಿ ಎಂಬ ದ್ವೀಪಗಳು. ನಡುವೆ ನೇಪಲ್ಸ್. ನಗರದ ಮೂಡಲಿಗೆ 1,281 ಮೀಟರು ಎತ್ತರದ ವೆಸೂವಿಯಸ್ ಪರ್ವತ ಎಲ್ಲರ ಕಣ್ಣಿಗೂ ಬೀಳುತ್ತದೆ. ಪಡುವಲಿಗೆ, ಇಂದಿನ ಪೊಟ್ಸುವೊಲಿ ಪಟ್ಟಣದ ಸುತ್ತ, ಬೆಟ್ಟವೆಂದು ತೋರದೆ ತಗ್ಗಾಗಿ ಹರಡಿಕೊಂಡಿರುವ ಇನ್ನೊಂದು ದೊಡ್ಡ ಜ್ವಾಲಾಮುಖಿ ಇದೆ. ಕ್ರಿ.ಪೂ. 8ನೆಯ ಶತಮಾನದಲ್ಲೇ ಈ ದಡಕ್ಕೆ ಬಂದು ನೆಲಸಿದವರು ಗ್ರೀಕರು. ಅವರ ಭಾಷೆಯಿಂದ ಬಂದ ಆ ಪ್ರದೇಶದ ಹೆಸರಿಗೆ ‘ಉರಿಯುವ ಹೊಲಗಳು’ ಎಂದೇ ಅರ್ಥ. ನೆಲದಡಿಯ ಈ ಬೆಂಕಿಯೇ ಊರಿನ ಭಾಗ್ಯದೇವತೆ. ಬಿಸಿನೀರಿನ ಊಟೆಗಳನ್ನೂ ಹಬೆಯನ್ನೂ ಕೊಟ್ಟದ್ದು ಅದು. ದ್ರಾಕ್ಷಿಯೂ ಹಣ್ಣುಹಂಪಲೂ ಸೊಕ್ಕಿ ಬೆಳೆಯುವ ಕಪ್ಪು ಮಣ್ಣನ್ನು ಕೊಟ್ಟದ್ದು ಅದು. ಸುಣ್ಣದೊಡನೆ ಕಲಸಿದರೆ ನೀರಿನೊಳಗೂ ಗಟ್ಟಿಯಾಗುವ ಬೂದಿಯನ್ನು ಕೊಟ್ಟದ್ದೂ ಅದೇ. ಈ ಬೂದಿಯ ಗುಣವನ್ನು ವಾಸ್ತುಶಾಸ್ತ್ರಜ್ಞ ವಿಟ್ರೂವಿಯಸ್ ತನ್ನ ಗ್ರಂಥದಲ್ಲಿ ಕೊಂಡಾಡಿದ್ದಾನೆ. ಅದಿಲ್ಲದಿದ್ದರೆ ರೋಮನ್ ಶ್ರೀಮಂತರು ಅಲೆಗಳ ಮೇಲೆಯೇ ಮನೆ ಚಾಚುವಷ್ಟು ಸಾಹಸ ಮಾಡುತ್ತಿರಲಿಲ್ಲ.

ಮಿಸೇನಮ್ಮಿನ ಮಗ್ಗುಲಿಗಿರುವ ಬಾಯಾ ಎಂಬ ಊರು ಈ ಸಾಹಸದ ರಾಜಧಾನಿ. ವಸಂತ ಬಂದು, ಏಪ್ರಿಲಿನಲ್ಲಿ ಸೆನೆಟ್ ಸಭೆಗೆ ಬಿಡುವಾದೊಡನೆ ರೋಮಿನ ದೊಡ್ಡ ಮನುಷ್ಯರೆಲ್ಲ ಪರಿವಾರ ಸಮೇತ ಇತ್ತ ಹೊರಡುವರು. ನೆಪ ಆರೋಗ್ಯದ್ದು. ಬೆಟ್ಟದ ಬಿರುಕುಗಳಿಂದ ಏಳುವ ಹಬೆಯಲ್ಲಿ ಬೆವರುವುದು, ಬಿಸಿನೀರಿನಲ್ಲಿ ಮೀಯುವುದು, ಕೀಲುನೋವಿಗೂ ಚರ್ಮರೋಗಕ್ಕೂ ಮದ್ದು ಕಾಣುವುದು. ಸ್ನಾನಕ್ಕೆಂದು ಅಲ್ಲಿ ಕಟ್ಟಿದ ಒಂದು ಗುಮ್ಮಟ ಇಂದಿಗೂ ನಿಂತಿದೆ. ಅದರ ಅಡ್ಡಗಲ 21 ಮೀಟರಿಗೂ ಹೆಚ್ಚು, ವಯಸ್ಸಿನಲ್ಲಿ ಅದು ರೋಮಿನ ಜಗತ್ಪ್ರಸಿದ್ಧ ಪ್ಯಾಂಥಿಯನ್ನಿಗಿಂತ ಹಿರಿಯದು. ಸ್ನಾನ ಮುಗಿದ ಮೇಲೆ ಉಳಿದ ಹೊತ್ತನ್ನು ಕಳೆಯುವ ಬಗೆಗಳಿಗೇನೂ ಕೊರತೆಯಿಲ್ಲ. ಮರಳದಂಡೆಯ ಮೇಲೆ ತಿರುಗಾಟ, ಲುಕ್ರೀನ ಸರೋವರದಲ್ಲಿ ಬಣ್ಣದ ದೋಣಿಗಳ ವಿಹಾರ, ರಾತ್ರಿಯ ಹಾಡು, ಔತಣದ ಮೇಲೆ ಔತಣ.

ಔತಣಕ್ಕೆ ಬೇಕಾದ ಸಿಂಪಿಗಳನ್ನು ಒದಗಿಸಲು ಕ್ರಿ.ಪೂ. 1ನೆಯ ಶತಮಾನದ ಮೊದಲಲ್ಲಿ ಸರ್ಜಿಯಸ್ ಒರಾಟ ಎಂಬ ವ್ಯವಹಾರಕುಶಲ ಅವುಗಳನ್ನು ಕಟ್ಟೆಯೊಳಗೆ ಸಾಕಿ ಬೆಳೆಸುವ ಉದ್ಯೋಗವನ್ನೇ ಇಲ್ಲಿ ಆರಂಭಿಸಿದ. ತಿಂದವರು ಹೊಟ್ಟೆ ತುಂಬಿಸಿಕೊಂಡರು, ಆತ ಚೀಲ ತುಂಬಿಸಿಕೊಂಡ. ಮೀನು ಸಾಕುವ ಚಟವಂತೂ ಹುಚ್ಚಿನ ಮಟ್ಟಕ್ಕೇರಿತು. ಸೇನಾನಿ ಲುಕುಲ್ಲಸ್ ತನ್ನ ಕೊಳಗಳಿಗೆ ಕಡಲ ನೀರನ್ನು ತರಿಸಲು ಗುಡ್ಡವನ್ನೇ ಕೊರೆಯಿಸಿದ. ಅವನು ಸತ್ತ ಮೇಲೆ ಆ ಕೊಳಗಳ ಮೀನು ಮಾರಿ ಬಂದ ಹಣ 40 ಲಕ್ಷ ಸೆಸ್ಟರ್ಸ್ ನಾಣ್ಯಗಳಂತೆ. ಮಹಾವಾಗ್ಮಿ ಹಾರ್ಟೆನ್ಸಿಯಸ್ ತಾನು ಸಾಕಿದ ಒಂದು ಹಾವುಮೀನು ಸತ್ತಾಗ ಕಣ್ಣೀರಿಟ್ಟನೆಂದು ಪ್ರತೀತಿ. ಆ ಮನೆಗೆ ಮುಂದೆ ಒಡತಿಯಾಗಿ ಬಂದ ಅಂಟೋನಿಯ ತನ್ನ ಮುದ್ದಿನ ಮೀನಿಗೆ ಓಲೆ ತೊಡಿಸಿದಳೆಂದೂ ಅದನ್ನು ನೋಡಲು ಜನ ಕಟ್ಟಿಕೊಂಡು ಬರುತ್ತಿದ್ದರೆಂದೂ ಹಿರಿಯ ಪ್ಲಿನಿ ಬರೆದಿಟ್ಟಿದ್ದಾನೆ.

ವಿದ್ವಾಂಸರೂ ಇದರಿಂದ ದೂರ ನಿಂತವರಲ್ಲ. ಸಿಸಿರೊ ಕ್ರಿ.ಪೂ. 56ರಲ್ಲಿ ಒಂದು ಮೊಕದ್ದಮೆಯಲ್ಲಿ ವಾದಿಸುತ್ತ, ಎದುರು ಪಕ್ಷದ ಹೆಂಗಸಿನ ನಡತೆಯನ್ನು ಜರೆಯುವ ಪಟ್ಟಿಯಲ್ಲಿ ಬಾಯಾ ಎಂಬ ಊರ ಹೆಸರನ್ನೇ ಬೈಗುಳದಂತೆ ಪ್ರಯೋಗಿಸಿದ. ಅದೇ ಸಿಸಿರೊಗೆ ಕೊಲ್ಲಿಯ ಸುತ್ತ ಕ್ಯೂಮೆ, ಪುಟಿಯೊಲಿ, ಪೊಂಪೆಯಿಗಳಲ್ಲಿ ಒಂದೊಂದರಂತೆ ಮೂರು ವಿಹಾರಗೃಹಗಳಿದ್ದುವು! ಅಲ್ಲಿ ಅವನು ಗ್ರಂಥಗಳನ್ನು ಬರೆದ ಎಂಬುದೂ ನಿಜ. ಬಿಡುವೆಂದರೆ ಓದು ಬರಹಕ್ಕೆ ದೊರೆತ ಅವಕಾಶ ಎಂಬುದು ಅವನ ಆದರ್ಶ. ಆದರೆ ಆ ಬಿಡುವಿನ ಮೇಲೆ ಅವನ ಒಡೆತನ ಎಷ್ಟಿತ್ತು? ಕ್ರಿ.ಪೂ. 45ರ ಡಿಸೆಂಬರಿನಲ್ಲಿ, ರೋಮನರ ದೊಡ್ಡ ಹಬ್ಬದ ದಿನಗಳಲ್ಲಿ, ಸರ್ವಾಧಿಕಾರಿ ಸೀಸರ್ 2,000 ಮಂದಿ ಪರಿವಾರದೊಡನೆ ಅವನ ಮನೆಗೆ ಊಟಕ್ಕೆ ಬಂದ. ಕಡಲತೀರದಲ್ಲಿ ಅಡ್ಡಾಡಿದ, ಮಿಂದ, ಸೊಗಸಾಗಿ ಉಂಡ. ಮಾತೆಲ್ಲ ಸಾಹಿತ್ಯದ್ದು, ರಾಜಕಾರಣದ ಸೊಲ್ಲು ಯಾರ ಬಾಯಿಂದಲೂ ಹೊರಡಲಿಲ್ಲ. ಮರುದಿನಗಳಲ್ಲಿ ಗೆಳೆಯನಿಗೆ ಬರೆದ ಕಾಗದದಲ್ಲಿ, ಈ ಅತಿಥಿಯನ್ನು ಒಂದು ಸಲ ಸತ್ಕರಿಸಿದ್ದೇ ಸಾಕು ಎಂಬ ಅರ್ಥದ ನಿಟ್ಟುಸಿರನ್ನು ಸಿಸಿರೊ ಬಿಟ್ಟಿದ್ದಾನೆ. ಮೂರು ತಿಂಗಳಲ್ಲಿ ಸೀಸರ್ ಕೊಲೆಯಾದ. ಮಾರನೆಯ ವರ್ಷದ ಡಿಸೆಂಬರಿನಲ್ಲಿ ಸಿಸಿರೊನ ತಲೆಯೂ ಉರುಳಿತು. ಮೂರು ಮನೆಗಳ ಯಜಮಾನನ ಬಿಡುವಿಗೂ ಮೇಲೊಬ್ಬರ ಅಪ್ಪಣೆ ಬೇಕಾಗಿತ್ತೆಂದ ಮೇಲೆ ಉಳಿದವರ ಮಾತೇನು?

ನೂರು ವರ್ಷಗಳ ತರುವಾಯ ಬಂದ ತತ್ತ್ವಜ್ಞಾನಿ ಸೆನೆಕನಿಗೆ ಬಾಯಾ ಒಂದು ದಿನಕ್ಕೇ ಸಾಕಾಯಿತು. ಕುಡಿದು ದಂಡೆಯ ಮೇಲೆ ತೂರಾಡುವವರನ್ನೂ ದೋಣಿಗಳ ಗದ್ದಲವನ್ನೂ ಕಂಡು ಮರುದಿನವೇ ಊರು ಬಿಟ್ಟನಂತೆ. ಇನ್ನೊಂದು ಸಲ ನೇಪಲ್ಸಿನಿಂದ ಪುಟಿಯೊಲಿಗೆ ದೋಣಿಯಲ್ಲಿ ಹೊರಟಾಗ ಕಡಲು ಎದ್ದು ಹೊಟ್ಟೆ ತೊಳಸಿ, ತಾಳಲಾರದೆ ತತ್ತ್ವಜ್ಞಾನಿ ನೀರಿಗೆ ಧುಮುಕಿ ಈಜಿಕೊಂಡು ದಡ ಸೇರಿದ ಪ್ರಸಂಗವನ್ನು ಅವನೇ ನಗುತ್ತ ಬರೆದಿದ್ದಾನೆ. ಮನಸ್ಸಿನ ಶಾಂತಿಗೆ ಸ್ಥಳಮಹಿಮೆಯೂ ಬೇಕು ಎಂಬುದು ಅವನ ವಾದ. ಅವನ ಶಿಷ್ಯನಾಗಿದ್ದ ಚಕ್ರವರ್ತಿ ನೀರೊ ಈ ಸ್ಥಳಮಹಿಮೆಯನ್ನು ಬೇರೆ ಬಗೆಯಲ್ಲಿ ಬಳಸಿಕೊಂಡ. ಕ್ರಿ.ಶ. 59ರ ವಸಂತೋತ್ಸವಕ್ಕೆಂದು ತಾಯಿ ಅಗ್ರಿಪ್ಪಿನೆಯನ್ನು ಪ್ರೀತಿಯಿಂದ ಬಾಯಾಕ್ಕೆ ಕರೆಸಿ, ಔತಣವಿಕ್ಕಿ, ನಡುನೀರಿನಲ್ಲಿ ಕುಸಿದು ಮುಳುಗುವಂತೆ ಕಟ್ಟಿಸಿದ ಹಡಗಿನಲ್ಲಿ ಬೀಳ್ಕೊಟ್ಟ. ಆಕೆ ಈಜಿ ಬದುಕಿದಳು. ಮನೆ ಸೇರಿದ ಮೇಲೆ ಮಗನ ಭಟರು ಬಂದು ಕೊಂದರು. ತಿಳಿಗಡಲು, ನಕ್ಷತ್ರಗಳ ರಾತ್ರಿ ಎಂದು ಇತಿಹಾಸಕಾರ ಟ್ಯಾಸಿಟಸ್ ವರ್ಣಿಸಿರುವ ಆ ರಾತ್ರಿ ವಿಹಾರದ ಊರಿನಲ್ಲಿ ನಡೆದದ್ದು ಮಾತೃಹತ್ಯೆ.

ಇದುವರೆಗೆ ಹೇಳಿದ್ದೆಲ್ಲ ಉಂಡವರ ಕಥೆ. ಬಡಿಸಿದವರ ಕಥೆಯನ್ನು ಯಾರೂ ಕಾಗದದಲ್ಲಿ ಬರೆಯಲಿಲ್ಲ. ಕೊಲ್ಲಿಯ ಹಿಂದಿನ ಹಳ್ಳಿಗಾಡಿನಲ್ಲಿ, ವೆಸೂವಿಯಸ್ಸಿನ ಇಳಿಜಾರಿನ ದ್ರಾಕ್ಷಿತೋಟಗಳಲ್ಲಿ, ಮೀನುಕೊಳಗಳ ಕೆಸರಿನಲ್ಲಿ, ಸ್ನಾನಗೃಹಗಳ ಒಲೆಗಳ ಮುಂದೆ ದುಡಿಯುತ್ತಿದ್ದವರಲ್ಲಿ ಎಷ್ಟೋ ಮಂದಿ ಗುಲಾಮರು. ಕ್ರಿ.ಪೂ. 73ರಲ್ಲಿ ಸ್ಪಾರ್ಟಕಸ್ ಎಂಬ ಮಲ್ಲನ ಮುಂದಾಳುತನದಲ್ಲಿ ದಂಗೆಯೆದ್ದ ಗುಲಾಮರು ಮೊದಲು ಬೀಡು ಬಿಟ್ಟದ್ದು ವೆಸೂವಿಯಸ್ ಪರ್ವತದ ಮೇಲೆಯೇ. ಸೈನ್ಯ ದಾರಿ ಕಟ್ಟಿದಾಗ ಅವರು ಕಾಡುದ್ರಾಕ್ಷಿಯ ಬಳ್ಳಿಗಳನ್ನು ಹೆಣೆದು ಏಣಿ ಮಾಡಿಕೊಂಡು ಕಡಿದಾದ ಬದಿಯಿಂದ ಇಳಿದು ಬಂದರೆಂದು ಪ್ಲೂಟಾರ್ಕ್ ಹೇಳುತ್ತಾನೆ. ಇನ್ನೊಂದು ಸಾಕ್ಷ್ಯ ತೀರ ಈಚಿನದು. ಪೊಂಪೆಯಿಯ ಹೊರವಲಯದ ಚಿವಿಟ ಜೂಲಿಯಾನ ಎಂಬಲ್ಲಿ ಹೂತುಹೋಗಿದ್ದ ಒಂದು ವಿಹಾರಗೃಹವನ್ನು ಅಗೆಯುತ್ತಿದ್ದಾಗ, 2021ರಲ್ಲಿ, ಆಳುಗಳ ಕೋಣೆಯೊಂದು ಬೆಳಕಿಗೆ ಬಂತು. ಸುಮಾರು 16 ಚದರ ಮೀಟರಿನ ಕೋಣೆ, ಮೇಲೆ ಒಂದು ಸಣ್ಣ ಕಿಂಡಿ, ಮೂಲೆಯಲ್ಲಿ ಪೇರಿಸಿದ ಹೂಜಿಗಳು, ಮೂರು ಮಂಚಗಳು. ಎರಡರ ಉದ್ದ 1.7 ಮೀಟರು, ಮೂರನೆಯದು 1.4 ಮೀಟರು ಮಾತ್ರ. ಆ ಚಿಕ್ಕ ಮಂಚದಲ್ಲಿ ಮಲಗುತ್ತಿದ್ದದ್ದು ಮಗುವಿರಬೇಕು. ಓಟಿಯಮ್ ಎಂಬ ಶಬ್ದಕ್ಕೆ ಟೀಕು ಬರೆಯುವವರು ಆ ಮಂಚದ ಅಳತೆಯನ್ನೂ ಬರೆಯಬೇಕು.

ಈ ದಡದ ಭೋಗಕ್ಕೆ ನಮ್ಮ ಪಡುವಣ ಕರಾವಳಿಯೂ ಒಂದಿಷ್ಟನ್ನು ಒದಗಿಸಿತ್ತು. ಮಲೆಯಾಳದ ಮೆಣಸು ಮಳೆಗಾಲದ ಗಾಳಿಯ ಲೆಕ್ಕ ಬಲ್ಲ ಹಡಗುಗಳಲ್ಲಿ ಈಜಿಪ್ಟಿಗೆ ಹೋಗಿ, ಅಲೆಗ್ಸಾಂಡ್ರಿಯದಿಂದ ಹೊರಟು ಪುಟಿಯೊಲಿಯ ರೇವಿನಲ್ಲಿ ಇಳಿಯುತ್ತಿತ್ತು. ಪೊಂಪೆಯಿಯ ಒಂದು ಮನೆಯಲ್ಲಿ 1938ರಲ್ಲಿ ಸಿಕ್ಕಿದ, ಒಡವೆಗಳಿಂದ ತುಂಬಿದ ದಂತದ ಸ್ತ್ರೀಮೂರ್ತಿ ಭಾರತೀಯರ ಕೈಕೆಲಸ. ಅದು ಈಗ ನೇಪಲ್ಸಿನ ವಸ್ತುಸಂಗ್ರಹಾಲಯದಲ್ಲಿದೆ. ಭಾರತದ ಸರಕಿಗಾಗಿ ರೋಮ್ ಸಾಮ್ರಾಜ್ಯದಿಂದ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹರಿದುಹೋಗುತ್ತಿದೆಯೆಂದು ಗೊಣಗಿದವನು ಮೀನಿನ ಓಲೆಯ ಕಥೆ ಹೇಳಿದ ಹಿರಿಯ ಪ್ಲಿನಿಯೇ. ಮುಜಿರಿಸ್ ರೇವಿನ ಹತ್ತಿರ ನಿತ್ರಿಯಾಸ್ ಎಂಬಲ್ಲಿ ಕಡಲುಗಳ್ಳರ ಕಾಟವಿದೆಯೆಂದೂ ಅವನು ಎಚ್ಚರಿಸಿದ್ದಾನೆ. ಆ ಹೆಸರಿನಲ್ಲಿ ನಮ್ಮ ಮಂಗಳೂರಿನ ನೇತ್ರಾವತಿಯನ್ನು ಕೆಲವು ವಿದ್ವಾಂಸರು ಗುರುತಿಸಿದ್ದಾರೆ. ನೇತ್ರಾವತಿಯ ಕಡಲುಗಳ್ಳರನ್ನು ದೂರದಿಂದಲೇ ಬಲ್ಲ ಈತ ಕ್ರಿ.ಶ. 79ರಲ್ಲಿ ಮಿಸೇನಮ್ಮಿನಲ್ಲಿದ್ದ ರೋಮನ್ ನೌಕಾಪಡೆಯ ಅಧಿಪತಿ.

ಆ ವರ್ಷ ವೆಸೂವಿಯಸ್ ಸಿಡಿಯಿತು. ಅದು ಜ್ವಾಲಾಮುಖಿಯೆಂಬುದನ್ನೇ ಜನ ಮರೆತಿದ್ದರು. ಹಸ್ತಪ್ರತಿಗಳ ಪ್ರಕಾರ ದಿನ ಆಗಸ್ಟ್ 24. ಆದರೆ 2018ರಲ್ಲಿ ಪೊಂಪೆಯಿಯ ಗೋಡೆಯೊಂದರ ಮೇಲೆ ಇದ್ದಿಲಿನಿಂದ ಗೀಚಿದ, ಅಕ್ಟೋಬರ್ 17ಕ್ಕೆ ಸಮನಾದ ತಾರೀಕು ಕಾಣಿಸಿಕೊಂಡ ಮೇಲೆ ಅನೇಕ ವಿದ್ವಾಂಸರು ಅಕ್ಟೋಬರ್ ತಿಂಗಳೆಂದೇ ನಂಬುತ್ತಾರೆ. ಅಂದರೆ ದ್ರಾಕ್ಷಿಯ ಸುಗ್ಗಿ ಮುಗಿದು ಹೊಸ ಮದ್ಯ ಹೂತ ಗುಡಾಣಗಳಲ್ಲಿ ಹುದುಗುತ್ತಿದ್ದ ಕಾಲ. ಪೈನ್ ಮರದ ಆಕಾರದ ಮೋಡವೊಂದು ಪರ್ವತದ ನೆತ್ತಿಯಿಂದ ಏಳುವುದನ್ನು ಕಂಡು ಪ್ಲಿನಿ ಅದನ್ನು ಹತ್ತಿರದಿಂದ ಪರೀಕ್ಷಿಸಲು ದೋಣಿ ಸಿದ್ಧಮಾಡಿಸಿದ. ತಂಗಿಯ ಮಗನಾದ 17 ವರ್ಷದ ಕಿರಿಯ ಪ್ಲಿನಿಯನ್ನೂ ಕರೆದ. ಹುಡುಗ ತಾನು ಓದಿಕೊಳ್ಳಬೇಕೆಂದು ಉಳಿದ. ಅಷ್ಟರಲ್ಲಿ ದಡದ ಮನೆಗಳಲ್ಲಿ ಸಿಕ್ಕಿಕೊಂಡವರಿಂದ ಮೊರೆ ಬಂತು. ಕುತೂಹಲದಿಂದ ಹೊರಟ ಯಾತ್ರೆ ಜನರನ್ನು ರಕ್ಷಿಸುವ ಯಾತ್ರೆಯಾಯಿತು. ಹಿರಿಯ ಪ್ಲಿನಿ ಸ್ಟೇಬಿಯೆಯ ದಡದಲ್ಲಿ ಬೂದಿ ಹೊಗೆಗಳ ನಡುವೆ ಸತ್ತ. ನೆಲ ನಡುಗುತ್ತಿದ್ದರೂ ಲಿವಿಯ ಇತಿಹಾಸವನ್ನು ಓದುತ್ತ ಕುಳಿತಿದ್ದ ಹುಡುಗ ಬದುಕಿದ. ಬದುಕಿ, ಆ ದಿನಗಳ ಕಥೆಯನ್ನು ಟ್ಯಾಸಿಟಸನಿಗೆ ಎರಡು ಕಾಗದಗಳಲ್ಲಿ ಬರೆದು ಕಳಿಸಿದ. ನಮಗೆ ಉಳಿದಿರುವ ಕಣ್ಣಾರೆ ಕಂಡ ವರ್ಣನೆ ಅದು.

ಕೊಲ್ಲಿಯ ಮೂಡಣ ದಡದ ಪೊಂಪೆಯಿ, ಹರ್ಕ್ಯುಲೇನಿಯಮ್, ಸ್ಟೇಬಿಯೆಗಳು ಬೂದಿಯಡಿ ಮಲಗಿದುವು. ಹರ್ಕ್ಯುಲೇನಿಯಮ್ಮಿನ ದೋಣಿಮನೆಗಳಲ್ಲಿ, 1980ರ ಸುಮಾರಿನಿಂದೀಚೆಗೆ ನಡೆದ ಉತ್ಖನನದಲ್ಲಿ, ಕಡಲ ದಾರಿಯಿಂದ ಪಾರಾಗಲೆಂದು ಬಂದು ಒತ್ತಾಗಿ ನಿಂತಿದ್ದ ಸುಮಾರು 300 ಮಂದಿಯ ಅಸ್ಥಿಗಳು ದೊರೆತಿವೆ. ಬಡವ ಬಲ್ಲಿದರ ಭೇದವನ್ನು ಬೆಂಕಿ ಎಣಿಸಲಿಲ್ಲ. ಆದರೆ ಎದುರು ದಡದ ಬಾಯಾಕ್ಕೆ ಹೆಚ್ಚಿನ ಕೇಡು ತಟ್ಟಲಿಲ್ಲ. ಅಲ್ಲಿನ ಸ್ನಾನ, ಔತಣಗಳು ಮೊದಲಿನಂತೆ ಸಾಗಿದುವು. ಚಕ್ರವರ್ತಿ ಹೇಡ್ರಿಯನ್ ತನ್ನ ಕೊನೆಗಾಲದಲ್ಲಿ ಬಂದು 138ರಲ್ಲಿ ಕಣ್ಣು ಮುಚ್ಚಿದ್ದು ಬಾಯಾದಲ್ಲಿಯೇ.

ಸಾಮ್ರಾಜ್ಯ ಅಳಿದ ಮೇಲೆ ಭೋಗಿಗಳು ಹೋದರು, ರೋಗಿಗಳು ಉಳಿದರು. ಮಧ್ಯಯುಗದಲ್ಲಿ ಪೊಟ್ಸುವೊಲಿಯ ಬಿಸಿನೀರಿನ ಊಟೆಗಳಿಗೆ ದೂರದೂರದ ಜನ ನಡೆದು ಬರುತ್ತಿದ್ದರು. ಯಾವ ಊಟೆ ಯಾವ ಬೇನೆಗೆ ಎಂಬುದನ್ನು 1200ರ ಸುಮಾರಿನಲ್ಲಿದ್ದ ಎಬೊಲಿಯ ಪಿಯೆತ್ರೊ ಎಂಬ ಕವಿ ಪದ್ಯದಲ್ಲಿ ಹಾಡಿ, ರಾಜನಿಗೆ ಅರ್ಪಿಸಿದ. ಈ ಏರ್ಪಾಟಿಗೂ ನೆಲವೇ ತೆರೆ ಎಳೆಯಿತು. 1538ರಲ್ಲಿ ದಡ ಮೇಲಕ್ಕೆದ್ದು ಸಮುದ್ರ ಹಿಂದಕ್ಕೆ ಸರಿಯಿತು. ಒಣನೆಲದಲ್ಲಿ ಬಿದ್ದ ಮೀನನ್ನು ಜನ ಬಾಚಿಕೊಂಡರು. ಸೆಪ್ಟೆಂಬರ್ 29ರ ರಾತ್ರಿ ಅದೇ ಸ್ಥಳ ಬಾಯಿ ಬಿಟ್ಟಿತು. ಒಂದು ವಾರ ಕಳೆಯುವುದರೊಳಗೆ 133 ಮೀಟರು ಎತ್ತರದ ಬೆಟ್ಟವೊಂದು ಹುಟ್ಟಿ, ಟ್ರಿಪೆರ್ಗೊಲೆ ಎಂಬ ಹಳ್ಳಿಯನ್ನೂ ಅದರ ಸ್ನಾನಗೃಹಗಳನ್ನೂ ನುಂಗಿ, ಲುಕ್ರೀನ ಸರೋವರದ ಬಹುಭಾಗವನ್ನು ಮುಚ್ಚಿತು. ಒರಾಟನ ಸಿಂಪಿಗಳ ನೆಲೆಯೂ ಹಾಗೆ ಮುಚ್ಚಿಹೋಯಿತು. ಆ ಬೆಟ್ಟವನ್ನು ಇಂದಿಗೂ ‘ಹೊಸ ಬೆಟ್ಟ’ವೆಂದೇ ಕರೆಯುತ್ತಾರೆ.

ಮುಂದಿನ ಅಲೆ 18ನೆಯ ಶತಮಾನದ್ದು. ಹರ್ಕ್ಯುಲೇನಿಯಮ್ಮಿನಲ್ಲಿ 1738ರಲ್ಲಿ, ಪೊಂಪೆಯಿಯಲ್ಲಿ 1748ರಲ್ಲಿ ಉತ್ಖನನ ಮೊದಲಾಯಿತು. ಯೂರೋಪಿನ ಸಿರಿವಂತ ಮನೆಗಳ ಮಕ್ಕಳು ವಿದ್ಯಾಭ್ಯಾಸದ ಮುಕ್ತಾಯಕ್ಕೆಂದು ಇಟಲಿಯ ಸಂಚಾರ ಕೈಗೊಳ್ಳುವ ವಾಡಿಕೆಯಿತ್ತಷ್ಟೆ. ಅವರೆಲ್ಲರೂ ನೇಪಲ್ಸಿನವರೆಗೆ ಬರತೊಡಗಿದರು. ಬೆಳಗ್ಗೆ ಅವಶೇಷಗಳ ದರ್ಶನ, ಮಧ್ಯಾಹ್ನ ಗಂಧಕದ ಹೊಗೆಯಾಡುವ ಕುಂಡ, ಸಂಜೆ ಸಂಗೀತ. ಆನ್ಯಾನೊ ಸರೋವರದ ಹತ್ತಿರ ನಾಯಿಗವಿ ಎಂಬುದೊಂದಿತ್ತು. ಅದರ ನೆಲದ ಮಟ್ಟದಲ್ಲಿ ಉಸಿರು ಕಟ್ಟಿಸುವ ಅನಿಲ ನಿಂತಿರುತ್ತಿತ್ತು. ನಿಂತ ಮನುಷ್ಯನಿಗೆ ತೊಂದರೆಯಿಲ್ಲ, ಗಿಡ್ಡ ಪ್ರಾಣಿಗೆ ಮರಣಸಂಕಟ. ಕಾಸು ಕೊಟ್ಟ ಪ್ರವಾಸಿಗೆ ತೋರಿಸಲೆಂದು ಕಾವಲುಗಾರ ನಾಯಿಯೊಂದನ್ನು ಒಳಗೆ ತಳ್ಳಿ, ಅದು ಮೂರ್ಛೆ ಬಿದ್ದ ಮೇಲೆ ಎಳೆದು ತಂದು ಸರೋವರದ ನೀರಿನಲ್ಲಿ ಅದ್ದಿ ಎಚ್ಚರಿಸುತ್ತಿದ್ದ. ಸುಸಂಸ್ಕೃತರ ವಿನೋದಗಳಲ್ಲಿ ಇದೂ ಒಂದು.

ಎಲ್ಲಕ್ಕಿಂತ ದೊಡ್ಡ ವಿನೋದ ವೆಸೂವಿಯಸ್ಸಿನ ಆರೋಹಣ. ಜರ್ಮನ್ ಕವಿ ಗಯಟೆ 1787ರ ಮಾರ್ಚ್ ತಿಂಗಳೊಂದರಲ್ಲೇ ಮೂರು ಸಲ ಹತ್ತಿದ. ಮುಂದೆ ನಡೆಯುವ ಹಳ್ಳಿಯ ಮಾರ್ಗದರ್ಶಿಯ ಸೊಂಟಕ್ಕೆ ಚರ್ಮದ ಪಟ್ಟಿ. ಅದನ್ನು ಹಿಡಿದುಕೊಂಡು ಬೂದಿಯಲ್ಲಿ ಕಾಲೂರುತ್ತ ಪ್ರವಾಸಿಯ ಏರಾಟ. ಬ್ರಿಟಿಷ್ ರಾಯಭಾರಿ ವಿಲಿಯಮ್ ಹ್ಯಾಮಿಲ್ಟನ್ ಈ ಬೆಟ್ಟವನ್ನು ಮತ್ತೆ ಮತ್ತೆ ಹತ್ತಿ ಪರೀಕ್ಷಿಸಿ, 1776ರಲ್ಲಿ ಚಿತ್ರಗಳಿಂದ ಕೂಡಿದ ಗ್ರಂಥವನ್ನೇ ಹೊರತಂದ. ಬಿಡುವಿನ ಕುತೂಹಲದಿಂದ ಶಾಸ್ತ್ರ ಹುಟ್ಟಿದ್ದಕ್ಕೆ ಇನ್ನೂ ಒಳ್ಳೆಯ ನಿದರ್ಶನ ಪೊಟ್ಸುವೊಲಿಯಲ್ಲಿದೆ. ಅಲ್ಲಿ 1750ರಲ್ಲಿ ಅಗೆದು ತೆಗೆದ ಹಳೆಯ ಪೇಟೆಯ ಕಟ್ಟಡದಲ್ಲಿ ಮೂರು ಅಮೃತಶಿಲೆಯ ಕಂಬಗಳು ನಿಂತಿವೆ. ಕಂಬಗಳ ನಡುಮಟ್ಟದಲ್ಲಿ, ಆಳೆತ್ತರಕ್ಕೂ ಮೇಲೆ, ಕಡಲ ಚಿಪ್ಪುಜೀವಿಗಳು ಕೊರೆದ ತೂತುಗಳಿವೆ. ಕಟ್ಟಿದಾಗ ಒಣನೆಲದಲ್ಲಿದ್ದ ಕಂಬಗಳು ನೆಲದೊಡನೆ ಕುಸಿದು ಬಹುಕಾಲ ಕಡಲಲ್ಲಿ ನೆನೆದು, ಬೀಳದೆ ಮತ್ತೆ ಮೇಲೆ ಬಂದಿವೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಭೂವಿಜ್ಞಾನಿ ಚಾರ್ಲ್ಸ್ ಲೈಯೆಲ್ 1830ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದ ಮೊದಲ ಚಿತ್ರವಾಗಿ ಈ ಕಂಬಗಳನ್ನೇ ಅಚ್ಚು ಮಾಡಿಸಿದ.

ಯಂತ್ರಯುಗ ಬಂದು ಹಾದಿಯನ್ನು ಹತ್ತಿರ ಮಾಡಿತು. ಇಟಲಿಯ ಮೊದಲ ರೈಲು 1839ರಲ್ಲಿ ಓಡಿದ್ದು ಈ ದಡದ ಮೇಲೆ, ನೇಪಲ್ಸಿನಿಂದ ಪೋರ್ಟಿಚಿಗೆ. 1880ರಲ್ಲಿ ಹಗ್ಗ ಎಳೆಯುವ ಗಾಡಿಗಳು ವೆಸೂವಿಯಸ್ಸಿನ ನೆತ್ತಿಯವರೆಗೆ ಹತ್ತತೊಡಗಿದುವು. ಅದರ ಮೇಲೆ ಕಟ್ಟಿದ ‘ಫುನಿಕುಲಿ ಫುನಿಕುಲ’ ಎಂಬ ಹಾಡು ಲೋಕದ ಬಾಯಲ್ಲೆಲ್ಲ ನಲಿದಾಡಿತು. ಹಾಡು ಉಳಿದಿದೆ; ಗಾಡಿಯ ದಾರಿಯನ್ನು 1944ರ ಮಾರ್ಚಿನಲ್ಲಿ ಪರ್ವತ ಮತ್ತೆ ಉಗುಳಿ ಅಳಿಸಿಹಾಕಿತು. ಕಾಪ್ರಿಯಲ್ಲಿ ಸ್ಥಳದ ಬೆಸ್ತರು ಬಲ್ಲ ನೀಲಿಗವಿಯೊಂದಿತ್ತು. ಜರ್ಮನ್ ಚಿತ್ರಕಾರ ಕೋಪಿಷ್ 1826ರಲ್ಲಿ ಒಬ್ಬ ಬೆಸ್ತನ ನೆರವಿನಿಂದ ಅದರೊಳಕ್ಕೆ ಈಜಿ ಬಂದು ಬರೆದದ್ದೇ ತಡ, ಅದನ್ನು ಅವನೇ ‘ಕಂಡುಹಿಡಿದ’ನೆಂದು ಯೂರೋಪ್ ಸಾರಿತು. ಊರವರು ಬಲ್ಲದ್ದನ್ನು ಪರದೇಶಿ ಬಂದು ಕಂಡುಹಿಡಿಯುವ ಸಂಪ್ರದಾಯ ನಮಗೂ ಹೊಸದಲ್ಲ.

ಇಷ್ಟು ಶತಮಾನಗಳಲ್ಲಿ ಸೆನೆಟರು ಬಂದ, ಚಕ್ರವರ್ತಿ ಬಂದ, ರೋಗಿ ಬಂದ, ಕವಿ ಬಂದ. ಚರ್ಮದ ಪಟ್ಟಿ ಕಟ್ಟಿಕೊಂಡು ಅವರನ್ನು ಎಳೆದವನು, ದೋಣಿ ಹುಟ್ಟು ಹಾಕಿದವನು, ದ್ರಾಕ್ಷಿ ಬಿಡಿಸಿದವಳು ಎಂದು ರಜಕ್ಕೆ ಹೋದರು? ಇಟಲಿಯವರು ಆಗಸ್ಟ್ 15ರಂದು ಆಚರಿಸುವ ‘ಫೆರಗೋಸ್ತೊ’ ಎಂಬ ರಜದ ಹಬ್ಬಕ್ಕೆ ಆಗಸ್ಟಸ್ ಚಕ್ರವರ್ತಿ ಕ್ರಿ.ಪೂ. 18ರಲ್ಲಿ ಏರ್ಪಡಿಸಿದ ವಿರಾಮದಿನಗಳ ಹೆಸರೇ ಮೂಲ. ಅರಸನ ಅಪ್ಪಣೆ ಅದು. ಮುಸೊಲಿನಿಯ ಸರ್ಕಾರ 1931ರ ಬೇಸಗೆಯಲ್ಲಿ ಬಹಳ ಅಗ್ಗದ ‘ಜನತಾ ರೈಲು’ಗಳನ್ನು ಬಿಟ್ಟಾಗ ಎಷ್ಟೋ ಕೂಲಿಕಾರ ಸಂಸಾರಗಳು ಮೊಟ್ಟಮೊದಲು ಸಮುದ್ರವನ್ನು ಕಂಡುವು. ಅದೂ ಅಪ್ಪಣೆಯೇ; ಕೊಟ್ಟವನ ಜಯಕಾರ ಕೂಗಬೇಕೆಂಬುದು ಅದರ ಬೆಲೆ. ಯುದ್ಧ ಮುಗಿದು, ಅರಸೊತ್ತಿಗೆ ಅಳಿದು, 1948ರ ಜನವರಿ 1ರಿಂದ ಜಾರಿಗೆ ಬಂದ ಗಣರಾಜ್ಯದ ಸಂವಿಧಾನ ತನ್ನ 36ನೆಯ ವಿಧಿಯಲ್ಲಿ ಬೇರೆ ಮಾತನಾಡಿತು. ವಾರದ ಬಿಡುವೂ ಸಂಬಳ ಸಹಿತವಾದ ವರ್ಷದ ರಜವೂ ದುಡಿಯುವವನ ಹಕ್ಕು. ತಾನಾಗಿಯೇ ಬೇಡವೆಂದರೂ ಆ ಹಕ್ಕನ್ನು ಬಿಟ್ಟುಕೊಡಲು ಅವನಿಗೆ ಅಧಿಕಾರವಿಲ್ಲ. ಬಡವ ಹೊಟ್ಟೆಪಾಡಿಗಾಗಿ ತನ್ನ ಬಿಡುವನ್ನೇ ಮಾರಿಕೊಂಡಾನು ಎಂಬುದನ್ನು ಅದನ್ನು ಬರೆದವರು ಅರಿತಿದ್ದರು. ಸಿಸಿರೊನ ಮೂರು ಮನೆಗಳಿಂದ ಈ ಒಂದು ವಾಕ್ಯಕ್ಕೆ ಬರಲು ಎರಡು ಸಾವಿರ ವರ್ಷಗಳೇ ಹಿಡಿದುವು.

ಈಗ ಆಗಸ್ಟ್ ಬಂತೆಂದರೆ ಆ ದಡದಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಬಾಡಿಗೆಯ ಕೊಡೆ ಕುರ್ಚಿಗಳ ಸಾಲು, ಈಜು, ದೋಣಿ, ದ್ವೀಪಗಳಿಗೆ ಹೋಗಿಬರುವ ಹಡಗುಗಳು. ಕಡಲು ಸಾಕೆನಿಸಿದವರು ಹಳ್ಳಿಗಾಡಿಗೆ ಹತ್ತುತ್ತಾರೆ. ರೈತರು ತಮ್ಮ ಮನೆಗಳಲ್ಲೇ ಅತಿಥಿಗಳನ್ನು ಇರಿಸಿಕೊಂಡು ತಾವು ಬೆಳೆದದ್ದನ್ನು ಬಡಿಸಲು 1985ರ ಕಾಯಿದೆಯೊಂದು ದಾರಿ ಮಾಡಿಕೊಟ್ಟಿದೆ. ಸೊರೆಂಟೊ ಕಡೆಯಲ್ಲಿ ಬೆಟ್ಟವನ್ನು ಮೆಟ್ಟಿಲುಮೆಟ್ಟಿಲಾಗಿ ಕಡಿದು, ಚೆಸ್ಟ್‌ನಟ್ ಮರದ ಗಳುಗಳ ಚಪ್ಪರದಡಿ ಬೆಳೆದ ನಿಂಬೆತೋಟಗಳಲ್ಲಿ ನಡೆದಾಡಬಹುದು. ವೆಸೂವಿಯಸ್ಸಿನ ಮೈಮೇಲೆ ಬೆಳೆದು ಗೊಂಚಲುಗೊಂಚಲಾಗಿ ತೂಗುಹಾಕಿ ಚಳಿಗಾಲಕ್ಕೆ ಉಳಿಸಿಕೊಳ್ಳುವ ಪುಟ್ಟ ಟೊಮೇಟೊಗಳ ರುಚಿ ನೋಡಬಹುದು. ಆ ರುಚಿ ಬೂದಿಯ ರುಚಿ. ಬಾಯಾದಲ್ಲಿ ನೋಡುವ ಬಗೆ ವಿಚಿತ್ರ. ಹಳೆಯ ಊರಿನ ಕೆಳಭಾಗವೆಲ್ಲ ನೆಲ ಕುಸಿದು ಕಡಲಡಿಯಲ್ಲಿದೆ. 2002ರಿಂದ ಅದು ಸಂರಕ್ಷಿತ ಪ್ರದೇಶ. ತಳಕ್ಕೆ ಗಾಜು ಹಾಕಿದ ದೋಣಿಯಿಂದ ಬಗ್ಗಿ ನೋಡಿದರೆ, ಶ್ರೀಮಂತರು ಉಂಡು ನಲಿದ ನೆಲಗಟ್ಟುಗಳ ಮೇಲೆ ಮೀನುಗಳು ತಮ್ಮ ಪಾಡಿಗೆ ತಾವು ಸುಳಿದಾಡುತ್ತಿರುತ್ತವೆ. ಕೊಳದಲ್ಲಿ ಮೀನು ಕೂಡಿಹಾಕಿದವರ ಮನೆಯ ಮೇಲೆ ಮೀನುಗಳಿಗೇ ಅಧಿಕಾರ ಬಂದಿದೆ.

ಮನುಷ್ಯರ ಅಪ್ಪಣೆಯ ಕಾಟ ಇಷ್ಟರಮಟ್ಟಿಗೆ ತೀರಿದ್ದರೂ ನೆಲದ ಅಪ್ಪಣೆಯ ಮಾತು ಬಾಕಿಯಿದೆ. 1970ರಲ್ಲಿ ಪೊಟ್ಸುವೊಲಿಯ ನೆಲ ಉಬ್ಬತೊಡಗಿದಾಗ ಕಡಲ ಬಂಡೆಯ ಮೇಲಿನ ಹಳೆಯ ಕೇರಿಯಿಂದ ಸುಮಾರು 3,000 ಜನರನ್ನು ಎಬ್ಬಿಸಿ ಕಳಿಸಲಾಯಿತು. 1982ರಿಂದ 1984ರವರೆಗೆ ನೆಲ ಸುಮಾರು 1.8 ಮೀಟರು ಮೇಲೆದ್ದಿತು. ಎಡೆಬಿಡದ ಕಂಪನಗಳ ನಡುವೆ ಸುಮಾರು 40,000 ಜನ ಪಟ್ಟಣದ ನಡುಭಾಗವನ್ನು ಬಿಟ್ಟು, ಅನೇಕರು ಹಿಂದಿನ ಗುಡ್ಡದ ಬದಿಯಲ್ಲಿ ಕಟ್ಟಿಕೊಟ್ಟ ಹೊಸ ಬಡಾವಣೆಗೆ ಹೋದರು. 2005ರಿಂದ ನೆಲ ಮತ್ತೆ ಮೆಲ್ಲಮೆಲ್ಲನೆ ಏರತೊಡಗಿತು. 2024ರ ಮೇ 20ರಂದು 4.4 ಪ್ರಮಾಣದ ಭೂಕಂಪ ಗೋಡೆಗಳನ್ನು ಬಿರಿಸಿ, ಎಷ್ಟೋ ಸಂಸಾರಗಳನ್ನು ಬೀದಿಯಲ್ಲಿ ಮಲಗಿಸಿತು.

ಪ್ರವಾಸಿಗೂ ಊರವನಿಗೂ ಇರುವ ನಿಜವಾದ ಅಂತರ ಇಂಥ ರಾತ್ರಿಯಲ್ಲಿ ಕಾಣುತ್ತದೆ. ಪ್ರವಾಸಿ ಪೆಟ್ಟಿಗೆ ಕಟ್ಟಿ ಬೆಳಗಿನ ರೈಲು ಹಿಡಿಯುತ್ತಾನೆ. ಬೆಂಕಿಯ ದಡ ಅವನಿಗೆ ಒಂದು ನೆನಪು. ಊರವನಿಗೆ ಅದು ಮನೆ, ಅಂಗಡಿ, ತೋಟ, ತಾಯಿತಂದೆಗಳನ್ನು ಹೂತ ನೆಲ. ಬಿಟ್ಟು ಹೋಗಿ ಎನ್ನುವುದು ಸುಲಭ, ಹೋಗುವುದೆಲ್ಲಿಗೆ? ಇತರರ ಬಿಡುವಿಗೆ ಎಡೆಕೊಟ್ಟು ಬದುಕುವ ಜನರಿಗೆ ತಮ್ಮ ಆತಂಕದಿಂದ ಬಿಡುವು ಕೊಡುವ ವಿಧಿ ಯಾವ ಸಂವಿಧಾನದಲ್ಲೂ ಇಲ್ಲ. ಅವರಿಗೆ ಆಸರೆಯಾಗಿರುವುದು ಹಗಲಿರುಳೂ ನೆಲದ ನಾಡಿ ಹಿಡಿದು ಕುಳಿತಿರುವ ವಿಜ್ಞಾನಿಗಳ ಉಪಕರಣಗಳು, ತಲೆಮಾರುಗಳಿಂದ ಬಂದ ಧೈರ್ಯ, ಇವೆರಡೇ. ಪೊಟ್ಸುವೊಲಿಯ ಪುಟ್ಟ ಬಂದರಿನಲ್ಲಿ ಕಡಲತಳ ಮೇಲಕ್ಕೆ ಬಂದು ನೀರು ತೆಳುವಾಗಿ, ಬೆಸ್ತರ ದೋಣಿಗಳು ಕೆಸರಿನ ಮೇಲೆ ವಾಲಿಕೊಂಡು ಕುಳಿತದ್ದುಂಟು. ದೋಣಿ ಕುಳಿತ ದಿನ ಬೆಸ್ತನಿಗೆ ಕೆಲಸವಿಲ್ಲ. ಅದನ್ನು ಯಾರೂ ರಜವೆಂದು ಕರೆಯುವುದಿಲ್ಲ.